ಖಲೀಲ್ ಡ್ರೈವರ ಮನೆಯೊಳಗಿನ ಕಳಸ ಬಸ್ಸು

ಬಣಕಲ್‌ನಲ್ಲಿ ಖಲೀಲ್ ಡ್ರೈವರು ಅಂದರೆ ಸಾಕು, ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮೇನ್ ರೋಡಿನ ಪಕ್ಕ, ಪಂಚರ್ ಅಂಗಡಿಯ ಹಿಂದೆ, ಹಸಿರು ಬಾಗಿಲಿನ ಶೀಟಿನ ಮನೆ. ಮಧ್ಯಾಹ್ನದ ಊಟ ಆದ ಹೊತ್ತಿಗೆ ಆ ಮನೆಯ ಒಳಗಿನಿಂದ ಬಸ್ಸಿನ ಹಾರನ್ನು ಕೇಳುತ್ತದೆ. ಹೊಸಬರಾದರೆ ಹೆದರಿ ಚರಂಡಿ ಪಕ್ಕಕ್ಕೆ ಸರಿಯುತ್ತಾರೆ. ಹಳಬರಾದ ನಾವು ಕೊಡೆ ಹಿಡಿದು ಆ ಬಾಗಿಲಿಗೇ ಓಡುತ್ತೇವೆ, ಬಸ್ಸು ಬಿಟ್ಟುಹೋದರೆ ಅಂತ.

ಖಲೀಲ್ ಸಾಹೇಬರ ತಂದೆ ಮಹಮ್ಮದ್ ಸಾಹೇಬರು ಎಸ್ಟೇಟಿನ ಕಾಫಿ ಲಾರಿ ಓಡಿಸುತ್ತಿದ್ದರು. ಮೀಸೆ ಮೂಡುವ ಮೊದಲೇ ಇವರು ಅದೇ ಲಾರಿಗೆ ಕ್ಲೀನರ್. ಆಮೇಲೆ ಖಾಸಗಿ ಕಂಪನಿಯೊಂದರ ಬಸ್ಸು ಸಿಕ್ಕಿತು. ಮೂಡಿಗೆರೆ ಬಿಟ್ಟು ಬಣಕಲ್, ಕೊಟ್ಟಿಗೆಹಾರ, ಜಾವಳಿ, ಹಿರೇಬೈಲು ಅಂತ ಕಳಸ ಮುಟ್ಟಿ ಅದೇ ದಾರಿಯಲ್ಲಿ ವಾಪಸ್. ಇಡೀ ಪ್ರಾಯ ಆ ತಿರುವುಗಳಲ್ಲೇ ಸವೆದುಹೋಯಿತು. ನಾನು ಎಸ್ಟೇಟಿನಲ್ಲಿ ಹಣ್ಣು ಕುಯ್ಯಲು ಹೋಗುತ್ತಿದ್ದಾಗಲೂ ಅದೇ ಬಸ್ಸು, ನಮ್ಮ ಮನೆಯವರು ಮೇಸ್ತ್ರಿ ಕೆಲಸ ಬಿಟ್ಟು ಆಸ್ಪತ್ರೆ ಅಲೆಯುವಾಗಲೂ ಅದೇ ಬಸ್ಸು.

ಹಳೇ ಕಾಲದ ಬಸ್ಸುಗಳಲ್ಲಿ ಇಂಜಿನ್ನು ಒಳಗೇ ಇರುತ್ತಿತ್ತು. ಡ್ರೈವರ ಎಡಗಡೆಗೆ ದೊಡ್ಡ ಗೂನಿನ ಹಾಗೆ ತಗಡಿನ ಮುಚ್ಚಳ. ಅದಕ್ಕೆ ಬಾನೆಟ್ ಅನ್ನುತ್ತಿದ್ದರು. ಮಳೆಗಾಲದಲ್ಲಿ ಈ ಸೀಮೆಯಲ್ಲಿ ಬಿಸಿಯಾಗಿರುವ ವಸ್ತು ಅಂದರೆ ಒಂದು ಒಲೆ, ಇನ್ನೊಂದು ಈ ಬಾನೆಟ್. ಹತ್ತಿದವರೆಲ್ಲ ಒದ್ದೆ ಕಂಬಳಿ, ಕೊಡೆ, ಮಕ್ಕಳ ಚೀಲ ಎಲ್ಲ ಅದರ ಮೇಲೆ ಒಟ್ಟುತ್ತಿದ್ದರು. ಒಬ್ಬಳು ನೆಂದ ಕೋಳಿಯನ್ನೇ ಕೂರಿಸಿದ್ದಳು, ಅದು ಹಿರೇಬೈಲು ಬರುವಷ್ಟರಲ್ಲಿ ಒಣಗಿ ಕೂಗಲು ಶುರುಮಾಡಿತ್ತು. ಖಲೀಲ್ ಸಾಹೇಬರು ತಲೆ ತಿರುಗಿಸುತ್ತಿರಲಿಲ್ಲ. ಮೂಗಿನಲ್ಲೇ ಗೊತ್ತಾಗುತ್ತಿತ್ತು ಅವರಿಗೆ, ಇದು ಕಂಬಳಿ, ಇದು ಒಣಮೀನು, ಇದು ಕೋಳಿ ಅಂತ. ರಸ್ತೆ ನೋಡುತ್ತಲೇ, ಬಾನೆಟ್ ಮೇಲಿಂದ ತೆಗೀರಿ, ಇಂಜಿನ್ನೂ ಉಸಿರಾಡ್ಬೇಕು ಅನ್ನುತ್ತಿದ್ದರು. ದಿನಾ ಹೇಳುತ್ತಿದ್ದರು, ದಿನಾ ನಾವು ಇಡುತ್ತಿದ್ದೆವು.

ಹತ್ತಿದವರನ್ನು ನಡುದಾರಿಯಲ್ಲಿ ಇಳಿಸುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ನನ್ನ ಸೊಸೆಗೆ ಕೊಟ್ಟಿಗೆಹಾರದ ಹತ್ತಿರ ಬಸ್ಸಿನಲ್ಲೇ ನೋವು ಬಂದಾಗ, ಕಳಸಕ್ಕೆ ಹೋಗಬೇಕಾದ ಬಸ್ಸನ್ನು ಅಲ್ಲೇ ತಿರುಗಿಸಿ ಮೂಡಿಗೆರೆ ಆಸ್ಪತ್ರೆಗೆ ತಂದರು. ಬಸ್ಸು ತುಂಬ ಜನ. ಯಾರೂ ಗೊಣಗಲಿಲ್ಲ. ಎಲ್ಲರೂ ಆಸ್ಪತ್ರೆಯ ಹೊರಗೆ ಕೂತು ಕಾದರು, ಮಗು ಹುಟ್ಟಿತು ಅಂತ ನರ್ಸು ಬಂದು ಹೇಳಿದ ಮೇಲೆ ಅದೇ ಸೀಟುಗಳಲ್ಲಿ ಕೂತು ಕಳಸಕ್ಕೆ ಹೋದರು. ಕಂಪನಿಯವರು ತಡ ಯಾಕಾಯಿತು ಅಂತ ಕೇಳಿದರಂತೆ. ಒಂದು ಸೀಟು ಜಾಸ್ತಿ ಆಯ್ತು ಅಂದರಂತೆ ಇವರು.

ಅಂಥವರಿಗೆ ಸಕ್ಕರೆ ಕಾಯಿಲೆ ಬಂದು ಎಡಗಣ್ಣು ಮಬ್ಬಾಯಿತು. ಲೈಸೆನ್ಸು ನವೀಕರಿಸಲು ಡಾಕ್ಟರು ಸಹಿ ಹಾಕಲಿಲ್ಲ. ಕಂಪನಿಯವರು ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಅವರ ಹೆಂಡತಿ ಗುಲ್ಷನ್ ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದೂ ಉಂಟು, ಅತ್ತಿದ್ದೂ ಉಂಟು. ಬೆಳಿಗ್ಗೆ ಎದ್ದು ಖಾಕಿ ಅಂಗಿ ಹಾಕಿ ಜಗುಲಿಯಲ್ಲಿ ಕೂರುತ್ತಿದ್ದರು. ರಸ್ತೆಯಲ್ಲಿ ಹೋಗುವ ಪ್ರತಿ ಬಸ್ಸಿಗೂ ಇವರು ಗೇರು ಬದಲಿಸುತ್ತಿದ್ದರು. ಊಟಕ್ಕೆ ಕೂತರೆ ಎಡಗಾಲು ತಾನಾಗಿ ಕ್ಲಚ್ ಒತ್ತುತ್ತಿತ್ತು. ಬಚ್ಚಲಿಗೆ ಹೋಗುವಾಗ ಅಡುಗೆಮನೆ ಮೂಲೆಯಲ್ಲಿ ಬಾಯಲ್ಲೇ ಹಾರನ್ ಹೊಡೆದು ತಿರುಗುತ್ತಿದ್ದರು.

ಮಗಳು ಶೈಮಾ ಮೂಡಿಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಒಂದು ಭಾನುವಾರ ಹಳೇ ಕಂಪ್ಯೂಟರ್ ತಂದು ಹಾಲ್‌ನಲ್ಲಿ ಇಟ್ಟಳು. ಅದರಲ್ಲಿ ಬಸ್ಸು ಓಡಿಸುವ ಆಟ. ಯಾರೋ ಪುಣ್ಯಾತ್ಮರು ನಮ್ಮ ಕಳಸದ ರಸ್ತೆಯನ್ನೇ ಅದರೊಳಗೆ ಮಾಡಿಟ್ಟಿದ್ದರು. ಎಲ್ಲಿ ಏರು, ಎಲ್ಲಿ ಇಳಿತ, ಎಲ್ಲಿ ತಿರುವು ಎಲ್ಲ ಹಾಗೇ. ಅಬ್ಬನಿಗೆ ಖುಷಿ ಆಗುತ್ತದೆ ಅಂದುಕೊಂಡಿದ್ದಳು ಪಾಪ. ಅವರು ಮೊದಲು ಕೇಳಿದ್ದು, ಕೊಟ್ಟಿಗೆಹಾರ ದಾಟಿದ ಮೇಲೆ ಒಂದು ಮೋರಿ ಇರಬೇಕಿತ್ತಲ್ಲ, ಎಲ್ಲಿ ಅಂತ. ಆಟದ ಜೊತೆ ಬಂದಿದ್ದ ಸ್ಟಿಯರಿಂಗ್ ನೋಡಿ ಇದು ಚಪಾತಿಯಷ್ಟಿದೆ ಅಂದರು. ಗುಜರಿಯಿಂದ ನಿಜವಾದ ಬಸ್ಸಿನ ಸ್ಟಿಯರಿಂಗ್ ತಂದು ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದರು. ಕಂಪ್ಯೂಟರಿನ ಡಬ್ಬವನ್ನು ಶೈಮಾ ಬಲಗಡೆ ಇಟ್ಟಿದ್ದಳು. ಇಂಜಿನ್ನು ಯಾವತ್ತಾದರೂ ಬಲಗಡೆ ಇರುತ್ತದಾ ಅಂತ ಬೈದು ಎಡಗಡೆಗೆ ಇಟ್ಟುಕೊಂಡರು.

ನಾನು ಪ್ರಯಾಣಿಕಳಾದದ್ದು ಹೇಗೆ ಅಂದರೆ, ಒಂದು ದಿನ ಗುಲ್ಷನ್‌ಗೆ ಮಜ್ಜಿಗೆ ಕೊಡಲು ಹೋದವಳು ಖಲೀಲ್ ಸಾಹೇಬರ ಹಿಂದಿದ್ದ ಬೆಂಚಿನಲ್ಲಿ ಕೂತೆ. ರಾಮಕ್ಕ, ಎಲ್ಲಿಗೆ ಅಂತ ಕೇಳಿದರು. ಅಭ್ಯಾಸಬಲ, ಜಾವಳಿ ಅಂದೆ. ಜಾವಳಿಯಲ್ಲಿ ನಿಲ್ಲಿಸಿ ಬಾಗಿಲು ತೆಗೆದರು. ಇಳಿಯದೆ ಕೂತರೆ ಚೆನ್ನಾಗಿರುವುದಿಲ್ಲ ಅಂತ ಎದ್ದು ಅಡುಗೆಮನೆಗೆ ಹೋದೆ. ಬಸ್ಸು ಕಳಸಕ್ಕೆ ಹೋಗಿ ತಿರುಗಿ ಬರುವಾಗ ಹತ್ತುವುದು ಅಂತ ನನ್ನ ಲೆಕ್ಕ. ಆದರೆ ಜಾವಳಿ ದಾಟಿದ ಏರಿನಲ್ಲಿ ಬಸ್ಸು ಬಿಕ್ಕಳಿಸಿ ಬಿಕ್ಕಳಿಸಿ ನಿಂತುಹೋಯಿತು. ವಾಪಸ್ ಬಸ್ಸಿಲ್ಲ. ಕೊನೆಗೆ ನಡೆದುಕೊಂಡೇ ಮನೆಗೆ ಬಂದೆ. ನಮ್ಮ ಮನೆ ಪಕ್ಕದ್ದೇ.

ಸುದ್ದಿ ತಿಳಿದು ಬಸವರಾಜು ಬಂದ. ಆ ಬಸ್ಸಿಗೆ ಇಡೀ ಕಾಲ ಕಂಡಕ್ಟರ್ ಆಗಿದ್ದವನು, ಈಗ ಬಸ್ ಸ್ಟ್ಯಾಂಡಿನಲ್ಲಿ ಬೀಡಾ ಅಂಗಡಿ ಇಟ್ಟಿದ್ದಾನೆ. ಮಧ್ಯಾಹ್ನ ಅಂಗಡಿಗೆ ಪರದೆ ಇಳಿಬಿಟ್ಟು ಬಾಯಲ್ಲಿ ಸೀಟಿ ಕಚ್ಚಿಕೊಂಡು ಬರುತ್ತಿದ್ದ. ರೈಟ್ ಅಂದರೆ ಹೊರಡಬೇಕು, ಓಲ್ಡಾನ್ ಅಂದರೆ ನಿಲ್ಲಬೇಕು. ಕೂರಲು ಬೆಂಚಿದ್ದರೂ ಅವನು ಬಾಗಿಲ ಚೌಕಟ್ಟು ಹಿಡಿದು ನೇತಾಡುತ್ತಲೇ ಇರುತ್ತಿದ್ದ. ಆ ತಿರುವುಗಳನ್ನು ನೋಡಿ ನನಗೆ ನಿಜವಾಗಿ ಹೊಟ್ಟೆ ತೊಳಸುತ್ತಿತ್ತು, ಅದಕ್ಕೆ ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ. ಕೊಟ್ಟಿಗೆಹಾರ ಬಂದಾಗ ಗುಲ್ಷನ್ ಎಲ್ಲರಿಗೂ ಟೀ ಕೊಡಬೇಕು. ಕೊಡುವಾಗ ಒಂದು ಮಾತು ಸೇರಿಸದೆ ಇರುತ್ತಿರಲಿಲ್ಲ. ನೋಡಿ ರಾಮಕ್ಕ, ಆಗ ದಿನಾ ಕಳಸಕ್ಕೆ ಹೋಗಿ ಮನೇಲಿ ಇರ್ತಿರಲಿಲ್ಲ, ಈಗ ಮನೇಲಿದ್ದೂ ಮನೇಲಿರಲ್ಲ ಅನ್ನುತ್ತಿದ್ದಳು.

ಇಷ್ಟೆಲ್ಲ ನಡೆದರೂ ಬಸ್ಸು ಒಂದು ದಿನವೂ ಕಳಸ ಮುಟ್ಟಲಿಲ್ಲ. ಜಾವಳಿ ಏರಿನಲ್ಲಿ ಬಿಕ್ಕಳಿಕೆ, ಆಮೇಲೆ ಸ್ತಬ್ಧ. ನಮಗೆ ಅದೊಂದು ತಮಾಷೆಯಾಗಿತ್ತು, ದ್ಯಾವಮ್ಮ ಬರುವವರೆಗೆ.

ದ್ಯಾವಮ್ಮನ ಮನೆ ನಮ್ಮ ಸಾಲಿನ ಕೊನೆಯದು. ನನಗಿಂತ ದೊಡ್ಡವಳು. ತವರು ಕಳಸದ ಹತ್ತಿರ, ಬಸ್ ಸ್ಟ್ಯಾಂಡ್ ಇನ್ನೇನು ಬಂತು ಅನ್ನುವಾಗ ರಸ್ತೆ ಪಕ್ಕ ಎರಡು ಕಲ್ಲುಕಂಬದ ಗೇಟು. ತಮ್ಮನ ಹೆಂಡತಿ ಪ್ರೇಮಲತಾ ಒಂದು ಸಲ ನೆಂಟರ ಪಂಕ್ತಿಯಲ್ಲಿ, ಅತ್ತಿಗೆ ನಿಮ್ಮ ಮಿಡಿ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಅಂದುಬಿಟ್ಟಳು. ಅವತ್ತು ಎಲೆ ಬಿಟ್ಟು ಎದ್ದವಳು ಮತ್ತೆ ಆ ಗೇಟು ದಾಟಿರಲಿಲ್ಲ. ತಮ್ಮ ಬಂದು ಕರೆದ, ಹೋಗಲಿಲ್ಲ. ತಮ್ಮ ತೀರಿಕೊಂಡಾಗ ಇವಳು ಹೊಲದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಳು. ಮೂಳೆ ಡಾಕ್ಟರು ಬಸ್ಸು, ಜೀಪು, ಆಟೋ ಯಾವುದನ್ನೂ ಈ ಜನ್ಮದಲ್ಲಿ ಹತ್ತಬೇಡಿ ಅಂದಿದ್ದರು. ಆಮೇಲೆ ಅವಳಿಗೆ ಒಂದೇ ಹಂಬಲ ಹತ್ತಿಕೊಂಡಿತು. ತವರಿನ ಗೇಟು ಒಂದು ಸಲ ನೋಡಬೇಕು. ಆದರೆ ತಾನು ಬಂದದ್ದು ಪ್ರೇಮಲತಾಗೆ ಕಾಣಬಾರದು.

ಸೊಂಟ ಕುಲುಕಾಡಬಾರದು, ನಾದಿನಿಗೆ ಕಾಣಬಾರದು. ಯೋಚನೆ ಮಾಡಿದರೆ, ಇಡೀ ಜಿಲ್ಲೆಯಲ್ಲಿ ಅಂಥ ಬಸ್ಸು ಖಲೀಲ್ ಸಾಹೇಬರದ್ದು ಒಂದೇ.

ಕಂಬಳಿ ಹೊದ್ದು, ಕೋಲೂರಿ, ಕಂಕುಳಲ್ಲಿ ಮಿಡಿ ಉಪ್ಪಿನಕಾಯಿಯ ಬಾಟಲಿ ಇಟ್ಟುಕೊಂಡು ಬಂದಳು. ತವರಿಗೆ ಬರಿಗೈಯಲ್ಲಿ ಹೋಗುತ್ತಾರಾ ಅಂತ. ಬೆಂಚಿನ ಎಡ ತುದಿಯಲ್ಲಿ ಕೂತು ಹೇಳಿದಳು:

"ಡ್ರೈವರೇ, ನನ್ನನ್ನ ಒಂದ್ಸಲ ಕಳಸ ಮುಟ್ಟಿಸಿ. ಬರೋ ಮಳೆಗಾಲಕ್ಕೆ ನಾನು ಇರ್ತೀನೋ ಇಲ್ವೋ."

ಖಲೀಲ್ ಸಾಹೇಬರು ಸ್ಟಿಯರಿಂಗ್ ಬಿಟ್ಟು ತಿರುಗಿ ಕೂತರು. ನಾನು ಅವರು ಹಾಗೆ ಹಿಂದಕ್ಕೆ ತಿರುಗಿದ್ದು ಅವತ್ತೇ ನೋಡಿದ್ದು. ಹತ್ತಿದ ಮೇಲೆ ಮುಟ್ಟಿಸೋದು ನನ್ನ ಜವಾಬ್ದಾರಿ ದ್ಯಾವಕ್ಕ ಅಂದರು. ಅವತ್ತೂ ಬಸ್ಸು ಜಾವಳಿ ಏರಿನಲ್ಲಿ ನಿಂತಿತು. ಬಾಟಲಿ ಹಾಗೇ ಮನೆಗೆ ವಾಪಸ್ ಹೋಯಿತು.

ಆ ಸಂಜೆ ಮಗಳನ್ನು ಕೂರಿಸಿಕೊಂಡು ವಿಚಾರಿಸಿದರು. ಶೈಮಾ ಹೇಳಿದ್ದನ್ನು ನನಗೆ ಅರ್ಥ ಆದ ಹಾಗೆ ಬರೆಯುತ್ತೇನೆ. ಕಂಪ್ಯೂಟರ್ ಒಳಗೆ ಪ್ರೊಸೆಸರ್ ಅಂತ ಬಿಸ್ಕತ್ತಿನಷ್ಟು ದೊಡ್ಡ ಬಿಲ್ಲೆ ಇದೆ, ಲೆಕ್ಕ ಎಲ್ಲ ಮಾಡುವುದು ಅದೇ. ಏರಿನಲ್ಲಿ ಮರ, ಮಂಜು, ಎದುರು ಬರುವ ಲಾರಿ ಎಲ್ಲದರ ಲೆಕ್ಕ ಒಟ್ಟಿಗೆ ಬಿದ್ದಾಗ ಅದಕ್ಕೆ ಸಾಲುವುದಿಲ್ಲ. ಕಂಪನಿಯವರು ಅದಕ್ಕೊಂದು ವೇಗ ಕಟ್ಟಿ ಕಳಿಸಿರುತ್ತಾರೆ. ಕೆಲವು ಬಿಲ್ಲೆಗಳಲ್ಲಿ ಅದನ್ನು ಸ್ವಲ್ಪ ಏರಿಸಬಹುದು, ಇದರಲ್ಲೂ ಆಗುತ್ತದೆ. ಆದರೆ ವೇಗ ಏರಿದಷ್ಟೂ ಬಿಸಿ ಏರುತ್ತದೆ. ಈಗಿರುವ ಪುಟ್ಟ ಫ್ಯಾನು ಸಾಲದು, ದೊಡ್ಡ ಏರ್ ಕೂಲರ್ ಬೇಕು.

ಖಲೀಲ್ ಸಾಹೇಬರಿಗೆ ತಟ್ಟನೆ ಹೊಳೆಯಿತು. ಹೊಸ ಬಸ್ಸುಗಳಿಗೆ ಸ್ಪೀಡ್ ಗವರ್ನರ್ ಅಂತ ಹಾಕಿ ಸೀಲ್ ಮಾಡಿರುತ್ತಾರಲ್ಲ, ಅದನ್ನು ಬಿಚ್ಚುವ ಕೆಲಸ ಅಂತ. ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯ್ತಿ ಅಂತ ಮಗಳಿಗೇ ಬೈದರು.

ಮುಂದಿನ ಭಾನುವಾರ ಶೈಮಾ ಕೂಲರ್ ತಂದಳು. ಒಂದು ಗೇಣು ಎತ್ತರ. ತೆಳ್ಳಗಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ತಾಮ್ರದ ಕೊಳವೆ ತೂರಿಸಿ, ಪಕ್ಕಕ್ಕೆ ಫ್ಯಾನು ಕಟ್ಟಿದ್ದು. ಇದು ರೇಡಿಯೇಟರ್ ಅಲ್ವಾ ಅಂದರು ಇವರು. ಹೌದು ಅಂದಳು. ನೀರು ಎಲ್ಲಿಂದ ಹಾಕೋದು ಅಂದರು. ನೀರಿಲ್ಲ ಅಬ್ಬಾ, ಬರೀ ಗಾಳಿ ಅಂದಳು. ಅದನ್ನು ಮಾತ್ರ ಅವರು ನಂಬಲಿಲ್ಲ. ಜೀವಮಾನ ಇಡೀ ಜಾವಳಿಯಲ್ಲಿ ಕ್ಯಾನು ಹಿಡಿದು ನೀರು ಹಾಕಿದವರು. ಯಾವುದಕ್ಕೂ ಇರಲಿ ಅಂತ ಒಂದು ಚೊಂಬು ನೀರನ್ನು ಡಬ್ಬದ ಪಕ್ಕ ಇಟ್ಟುಕೊಂಡರು. ಶೈಮಾ ಅದನ್ನು ಎತ್ತಿ ಅಡುಗೆಮನೆಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಕೊನೆಗೆ ಗುಲ್ಷನ್ ಅದನ್ನು ಕುಡಿದು ಮುಗಿಸಿದಳು.

ಹಳೇ ಫ್ಯಾನು ಬಿಚ್ಚಿದರೆ ಅಡಿಯಲ್ಲಿ ಧೂಳು ಹಾಸಿಗೆಯ ಹಾಗೆ ಕೂತಿತ್ತು. ಬ್ರಷ್ಷಿನಲ್ಲಿ ಗುಡಿಸಿ, ಬಿಲ್ಲೆಯ ಬೆನ್ನು ಒರೆಸಿ, ಟ್ಯೂಬಿನಿಂದ ಬೂದು ಬಣ್ಣದ ಪೇಸ್ಟು ಹಾಕಿದಳು. ಎಷ್ಟು ಅಂದರೆ ಎರಡು ಕಾಳುಮೆಣಸಿನಷ್ಟು. ಗುಲ್ಷನ್‌ಗೆ ಸಮಾಧಾನ ಇಲ್ಲ. ಇಷ್ಟು ದೊಡ್ಡ ಗೋಪುರಕ್ಕೆ ಇಷ್ಟೇನಾ, ಇನ್ನೊಂಚೂರು ಬಳಿ, ನಮ್ಮ ಮನೇಲಿ ಕಮ್ಮಿ ಮಾಡಿದ್ರು ಅನ್ನಿಸಬಾರದು ಅಂದಳು. ಜಾಸ್ತಿ ಆದರೆ ಬಿಸಿ ದಾಟುವುದಿಲ್ಲ ಅಂತ ಶೈಮಾ ತಿಳಿಸಿ ಹೇಳಬೇಕಾಯಿತು.

ಆಮೇಲೆ ಕಂಪ್ಯೂಟರ್ ಪೂರ್ತಿ ಎದ್ದೇಳುವ ಮೊದಲೇ ಬರುವ ಒಂದು ಪರದೆಯಲ್ಲಿ ವೇಗ ಏರಿಸಲು ಶುರುಮಾಡಿದರು. ಮಗಳ ಕಟ್ಟಪ್ಪಣೆ ಹೀಗಿತ್ತು. ಒಂದು ಸಲಕ್ಕೆ ಒಂದೇ ಮೆಟ್ಟಿಲು ಏರಿಸಬೇಕು. ಏರಿಸಿದ ಮೇಲೆ ಅದಕ್ಕೆ ಭಾರದ ಕೆಲಸ ಕೊಟ್ಟು ಬಿಸಿ ಎಷ್ಟಾಯಿತು ನೋಡಬೇಕು. ಎಂಬತ್ತು ಡಿಗ್ರಿ ದಾಟುವ ಲಕ್ಷಣ ಕಂಡರೆ ನಿಲ್ಲಿಸಬೇಕು. ಎಲ್ಲಿ ತಡವರಿಸುತ್ತದೋ ಅಲ್ಲಿಂದ ಹಿಂದಕ್ಕೆ ಇಳಿಯಬೇಕು. ಕರೆಂಟು ಜಾಸ್ತಿ ಕೊಟ್ಟು ಜಬರದಸ್ತಿ ಮಾಡಬಾರದು. ಖಲೀಲ್ ಸಾಹೇಬರು ಒಂದಕ್ಕೂ ಎದುರಾಡಲಿಲ್ಲ. ಪ್ರತಿ ಮೆಟ್ಟಿಲಿಗೂ ಡಬ್ಬದ ನೆತ್ತಿಯ ಜಾಲರಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಅಲ್ಲಿಂದಲೇ ಬಿಸಿಗಾಳಿ ಹೊರಗೆ ಬರುತ್ತಿತ್ತು. ಐದನೇ ಮೆಟ್ಟಿಲಿಗೆ ಕಂಪ್ಯೂಟರ್ ಅಲ್ಲಾಡದೆ ನಿಂತುಬಿಟ್ಟಿತು. ಶೈಮಾ ಒಂದು ಮೆಟ್ಟಿಲು ಇಳಿಸೋಣ ಅಂದಳು. ಇವರು ಎರಡು ಇಳಿಸಿದರು. ಏರಿನಲ್ಲಿ ಕೈಯಲ್ಲಿ ಸ್ವಲ್ಪ ಉಳಿಸಿಕೊಂಡಿರಬೇಕು ಅಂದರು. ಇಡೀ ಮಧ್ಯಾಹ್ನ ಭಾರ ಹಾಕಿ ಬಿಟ್ಟರೂ ಎಪ್ಪತ್ತರ ಆಚೀಚೆ ಇತ್ತು ಬಿಸಿ. ಅವರೊಬ್ಬರೇ ಓಡಿಸಿ ನೋಡಿದರು. ಜಾವಳಿ ಏರನ್ನು ಬೆಣ್ಣೆಯಲ್ಲಿ ಹೋದ ಹಾಗೆ ಹತ್ತಿತು. ಹಿರೇಬೈಲಿನಲ್ಲಿ ತಿರುಗಿಸಿಕೊಂಡು ಬಂದರು. ಕಳಸಕ್ಕೇ ಹೋಗಿಬಿಡಬಹುದಿತ್ತಲ್ಲ ಅಂದೆ. ಖಾಲಿ ಬಸ್ಸು ತಗೊಂಡು ಹೋಗಿ ಅಲ್ಲಿ ಯಾರಿಗೆ ಮುಖ ತೋರಿಸಲಿ ಅಂದರು.

ಸೋಮವಾರ ಮಳೆ ಜೋರಿತ್ತು. ನಾವೆಲ್ಲ ಹತ್ತಿದೆವು. ಬಾಟಲಿ ಸಮೇತ ದ್ಯಾವಮ್ಮ. ಕಿಟಕಿ ಪಕ್ಕ ನನಗೇ ಬೇಕು ಅಂತ ನಾನು ಬಲ ತುದಿಯಲ್ಲಿ ಕೂತಿದ್ದೆ, ಆ ಕಡೆ ನಿಜವಾದ ಕಿಟಕಿ ಇದೆ. ಕೊಟ್ಟಿಗೆಹಾರದಲ್ಲಿ ಟೀ ಆಯಿತು. ಜಾವಳಿ ದಾಟಿತು. ಪರದೆಯ ಮೂಲೆಯಲ್ಲಿ ಶೈಮಾ ಬಿಸಿಯ ಅಂಕಿ ಕಾಣುವ ಹಾಗೆ ಮಾಡಿಟ್ಟಿದ್ದಳು. ಅದು ಎಂಬತ್ತಾಯಿತು, ತೊಂಬತ್ತಾಯಿತು, ತಿರುವಿನ ನಟ್ಟನಡುವೆ ಪರದೆ ಕಪ್ಪಾಗಿ ಎಲ್ಲ ಆರಿತು. ಬಸವರಾಜು ಚೌಕಟ್ಟಿನಿಂದ ಇಳಿದು ಅತ್ತಿತ್ತ ಹುಡುಕಿದ. ಏನು ಹುಡುಕುತ್ತಿದ್ದೀಯ ಅಂದರೆ, ಚಕ್ರಕ್ಕೆ ಕೊಡೋಕೆ ಕಲ್ಲು ಅಂದ. ಏರಲ್ಲವಾ.

ಮಾರನೇ ದಿನವೂ ಅದೇ. ಶೈಮಾ ಬಂದು ಪರೀಕ್ಷೆ ಮಾಡಿದರೆ ಎಪ್ಪತ್ತು ದಾಟುವುದಿಲ್ಲ. ಬಸ್ಸು ಹೊರಟರೆ ಸಾಯುತ್ತದೆ. ಅವಳಿಗೂ ತಲೆಬುಡ ಗೊತ್ತಾಗಲಿಲ್ಲ.

ಖಲೀಲ್ ಸಾಹೇಬರೂ ಬಸವರಾಜುವೂ ಕೂತು ಡ್ರೈವರ್ ಕಂಡಕ್ಟರ್ ರೀತಿಯಲ್ಲಿ ತನಿಖೆ ಮಾಡಿದರು. ಖಾಲಿ ಬಸ್ಸು ಏರು ಹತ್ತಿತು. ನನ್ನೊಬ್ಬಳನ್ನು ಕೂರಿಸಿದರೂ ಹತ್ತಿತು. ನಾನೂ ಬಸವರಾಜುವೂ ಇದ್ದರೂ ಹತ್ತಿತು. ದ್ಯಾವಮ್ಮ ಹತ್ತಿ ಕೂತ ದಿನ ಆರಿತು. ಇನ್ನೇನು ಉಳಿಯಿತು ಹೇಳಿ. ಬಸ್ಸು ಓವರ್‌ಲೋಡ್, ಜಾಸ್ತಿ ಆಗಿರುವುದು ದ್ಯಾವಮ್ಮ.

ಶೈಮಾ ಫೋನಿನಲ್ಲಿ, ಮುಂದೆ ಯಾರು ಕೂತಿದ್ದಾರೆ ಅಂತ ಕಂಪ್ಯೂಟರ್‌ಗೆ ಗೊತ್ತಾಗಲ್ಲ ಅಬ್ಬಾ ಅಂದಳಂತೆ.

"ಬಸ್ಸಿಗೂ ಗೊತ್ತಾಗಲ್ಲ ಮಗಳೇ," ಅಂದರು ಇವರು. "ಆದ್ರೂ ಏರಲ್ಲಿ ಎಳೆಯಲ್ಲ."

ಇದನ್ನು ದ್ಯಾವಮ್ಮನಿಗೆ ತಿಳಿಸುವ ಕೆಲಸ ಬಸವರಾಜುವಿಗೆ ಬಿತ್ತು. ಹಬ್ಬದ ದಿನ ನೂಕುನುಗ್ಗಲಿನಲ್ಲಿ ಜನರನ್ನು ಇಳಿಸಿ ಅಭ್ಯಾಸ ಇದ್ದವನು, ಅದೇ ಧಾಟಿಯಲ್ಲಿ ಹೇಳಿದ. ದ್ಯಾವಮ್ಮ ಒಂದು ಮಳೆಗೆ ನೆಂದ ಗುಬ್ಬಿಯಷ್ಟಿದ್ದಾಳೆ. ಇಷ್ಟು ವರ್ಷ ನಾನು ಯಾರಿಗೂ ಭಾರ ಆಗಿರಲಿಲ್ಲ ಬಸವರಾಜು ಅಂದಳು, ಬಾಟಲಿ ಎತ್ತಿಕೊಂಡು ಕೋಲೂರುತ್ತ ಹೋದಳು. ಮಾರನೇ ದಿನದಿಂದ ಹಾರನ್ ಕೇಳಿದರೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ನಾಲ್ಕು ದಿನ ನಾವು ಜಾವಳಿವರೆಗೆ ಹೋಗಿ ಬಂದೆವು. ಹಿಂದೆ ಕೂತ ನನಗೇ ಗೊತ್ತಾಗುತ್ತಿತ್ತು, ಖಲೀಲ್ ಸಾಹೇಬರ ಮನಸ್ಸು ಗಾಡಿಯಲ್ಲಿ ಇರಲಿಲ್ಲ. ಎದುರು ಬಂದ ಲಾರಿಗೆ ಸೈಡ್ ಕೊಡುವುದನ್ನೇ ಮರೆತರು ಒಂದು ದಿನ. ತಟ್ಟೆಗೆ ಹಾಕಿದ್ದು ಹಾಗೇ ಬಿಟ್ಟು ಏಳುತ್ತಾರೆ ಅಂತ ಗುಲ್ಷನ್ ಅಂದಳು. ನಾನು ಖಲೀಲ್ ಸಾಹೇಬರಿಗೆ ದ್ಯಾವಮ್ಮನ ಕಿಟಕಿ ವಿಷಯ ಹೇಳಿದೆ. ಆ ಭಾನುವಾರ ಮಗಳಿಗೆ ಹೇಳಿ ವೇಗವನ್ನು ಇನ್ನೊಂದು ಮೆಟ್ಟಿಲು ಇಳಿಸಿದರು. ಬಿಕ್ಕಳಿಸಿದರೆ ಬಿಕ್ಕಳಿಸಲಿ, ಲೋ ಗೇರಿನಲ್ಲಿ ಎಳೆದುಕೊಂಡು ಹೋಗುತ್ತೇನೆ ಅಂತ. ಸೋಮವಾರ ಖಾಕಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು, ಕೊಡೆ ಹಿಡಿದು, ಸಾಲಿನ ಕೊನೆಯ ಮನೆಗೆ ತಾವೇ ಹೋದರು. ಡ್ರೈವರು ಸೀಟಿನಿಂದ ಇಳಿದು ಪ್ರಯಾಣಿಕರ ಮನೆಬಾಗಿಲಿಗೆ ಹೋದದ್ದು ನಾನು ಬೇರೆ ಎಲ್ಲೂ ಕಂಡಿಲ್ಲ.

"ದ್ಯಾವಕ್ಕ, ಬಸ್ಸು ನಿಂತಿದೆ."

ಕಿಟಕಿ ತೆಗೆಯಲಿಲ್ಲ. ಒಳಗಿನಿಂದ, ಓವರ್‌ಲೋಡ್ ಆಗಲ್ವಾ ಅಂತ ಕೇಳಿತು ದನಿ. ಆದ್ರೆ ನಾನು ಇಳಿದು ತಳ್ತೀನಿ ಅಂದರು. ಬಾಗಿಲು ತೆರೆಯಿತು. ಕಂಬಳಿ, ಕೋಲು, ಬಾಟಲಿ ಎಲ್ಲ ಸಿದ್ಧವಾಗಿಯೇ ಇತ್ತು.

ಸುರಿಯುವ ಮಳೆಯಲ್ಲಿ ಬಂದು ಅವಳು ತನ್ನ ಜಾಗದಲ್ಲಿ ಕೂತಳು. ರೈಟ್ ಆಯಿತು. ಕೊಟ್ಟಿಗೆಹಾರದ ಟೀ ಯಾರಿಗೂ ರುಚಿಸಲಿಲ್ಲ. ಜಾವಳಿ ದಾಟಿ ಏರು ಹಿಡಿಯುವಾಗ ಅಂಕಿ ಎಪ್ಪತ್ತೈದು. ಆಮೇಲೆ ಎಂಬತ್ತು. ನಾನು ನಿಂಬೆಹಣ್ಣನ್ನು ಮೂಗಿಗೆ ಒತ್ತಿ ಹಿಡಿದೆ. ಎಂಬತ್ತೆಂಟು. ಬಸವರಾಜು ಆಗಲೇ ಗುಲ್ಷನ್‌ಳ ಗುಂಡುಕಲ್ಲನ್ನು ಕಾಲ ಹತ್ತಿರ ತಂದಿಟ್ಟುಕೊಂಡಿದ್ದ. ತಿರುವು ಬಂತು.

ಖಲೀಲ್ ಸಾಹೇಬರು ಬಸ್ಸನ್ನು ಎಡಕ್ಕೆ ತಗೊಂಡು ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು. ಮೂಗು ಒಂದು ಸಲ ಮೇಲಕ್ಕೆತ್ತಿದರು. ತಲೆ ತಿರುಗಿಸಲಿಲ್ಲ.

"ಬಾನೆಟ್ ಮೇಲೆ ಕಂಬಳಿ ಇಟ್ಟವ್ರು ಯಾರು?"

ಅದೇ ದನಿ. ಖಾಸಗಿ ಬಸ್ಸಿನ ಕಾಲದ್ದು. ನನ್ನ ಕೈ ತಾನಾಗಿ ಮಡಿಲಿನ ಚೀಲವನ್ನು ಹಿಡಿದುಕೊಂಡಿತು, ನಾನೇನಾದರೂ ಇಟ್ಟಿದ್ದೇನಾ ಅಂತ. ಆಮೇಲೆ ನೋಡಿದೆವು. ಡಬ್ಬದ ನೆತ್ತಿಯ ಮೇಲೆ, ಜಾಲರಿ ಒಂಚೂರೂ ಕಾಣದ ಹಾಗೆ, ದ್ಯಾವಮ್ಮನ ಒದ್ದೆ ಕಂಬಳಿ ಮಡಿಚಿ ಹೊದಿಸಿತ್ತು. ಹಿಂಬದಿಗೂ ಇಳಿಬಿದ್ದಿತ್ತು. ಆವಿ ಏಳುತ್ತಿತ್ತು. ಬಂದ ಪ್ರತಿ ದಿನವೂ ಅವಳು ಅಲ್ಲೇ ಹೊದಿಸುತ್ತಿದ್ದಳು, ನಾವೆಲ್ಲರೂ ಕಂಡಿದ್ದೆವು. ಆದರೆ ಮಳೆಗಾಲದಲ್ಲಿ ಬಿಸಿಯಾದ ಜಾಗದ ಮೇಲೆ ಒದ್ದೆ ಕಂಬಳಿ ಇರುವುದು ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದ ಹಾಗೆ. ಅದನ್ನು ಯಾರಾದರೂ ನೋಡುತ್ತಾರಾ? ಖಲೀಲ್ ಸಾಹೇಬರಿಗೆ ಆ ಕಡೆಯ ಕಣ್ಣು ಮಬ್ಬು, ಪರೀಕ್ಷೆ ಮಾಡುವ ಶೈಮಾ ಬರುವಾಗ ಕಂಬಳಿ ಇರುತ್ತಿರಲಿಲ್ಲ.

ಒಣಗಲಿ ಅಂತ ಇಟ್ಟೆ ಡ್ರೈವರೇ, ಬೆಚ್ಚಗಿತ್ತು ಅಂದಳು ದ್ಯಾವಮ್ಮ, ಸಣ್ಣ ದನಿಯಲ್ಲಿ.

ಗುಲ್ಷನ್ ಬಂದು ಕಂಬಳಿ ಎತ್ತಿ ಬಚ್ಚಲ ಒಲೆಯ ಮೇಲಿನ ಬಿದಿರಿಗೆ ಹಾಕಿದಳು. ನಾವು ನೋಡುತ್ತಿದ್ದ ಹಾಗೇ ಅಂಕಿ ಇಳಿಯಿತು. ಎಂಬತ್ತು, ಎಪ್ಪತ್ತೆರಡು, ಅರವತ್ತು. ಡಬ್ಬ ಉಸ್ಸೆಂದು ಬಿಸಿಗಾಳಿ ಬಿಟ್ಟಿತು. ಹಾಗಾದರೆ ಓವರ್‌ಲೋಡ್ ನಾನಲ್ಲ ಅಂದಳು ದ್ಯಾವಮ್ಮ. ಅಲ್ಲ, ನಿಮ್ಮ ಲಗೇಜು ಅಂದ ಬಸವರಾಜು. ಕ್ಷಮೆ ಕೇಳಿದ್ದು ಅಷ್ಟೇ ಅವನು. ಆಮೇಲೆ ರೈಟ್ ಅಂದ.

ಒಂದು ಮೆಟ್ಟಿಲು ಇಳಿಸಿದ್ದಕ್ಕೆ ಒಂದೆರಡು ಕಡೆ ಬಿಕ್ಕಳಿಸಿತು, ಅಷ್ಟೇ. ಏರು ಮುಗಿಯಿತು. ಹಿರೇಬೈಲು ಹೋಯಿತು. ದ್ಯಾವಮ್ಮ ಬಾಟಲಿಯನ್ನು ಎದೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿದಳು. ದೂರದಲ್ಲಿ ಕಳಸ ಬಸ್ ಸ್ಟ್ಯಾಂಡಿನ ಬೋರ್ಡು ಕಂಡಿತು. ಇಲ್ಲೇ, ಇಲ್ಲೇ ಅಂದಳು. ಅದು ಸ್ಟಾಪ್ ಅಲ್ಲ. ಸ್ಟಾಪ್ ಇಲ್ಲದ ಕಡೆ ನಿಲ್ಲಿಸುವವರಲ್ಲ ಇವರು. ಬಸವರಾಜು ಓಲ್ಡಾನ್ ಅನ್ನುವ ಮೊದಲೇ ನಿಲ್ಲಿಸಿದರು.

ಅಲ್ಲಿ ಏನೂ ಇರಲಿಲ್ಲ. ರಸ್ತೆ ಮಾಡಿದ ಪುಣ್ಯಾತ್ಮರು ಬಸ್ ಸ್ಟ್ಯಾಂಡ್ ಒಂದು ಮಾಡಿ, ಉಳಿದ ಕಡೆಯೆಲ್ಲ ಒಂದೇ ಮರವನ್ನು ನೂರು ಸಲ ನೆಟ್ಟು ಬಿಟ್ಟಿದ್ದರು. ಗೇಟು ಇರಬೇಕಾದಲ್ಲಿ ಹಸಿರು ಗೋಡೆ. ಖಲೀಲ್ ಸಾಹೇಬರು ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟರು. ಅವರ ಕತ್ತು ಬಗ್ಗಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

"ಅವ್ರು ಬರೀ ರಸ್ತೆ ಮಾಡಿದ್ದಾರೆ ದ್ಯಾವಕ್ಕ," ಅಂದರು. "ಮನೆ ಮಾಡಿಲ್ಲ."

"ಮನೆ ನಂಗೆ ಗೊತ್ತುಂಟಲ್ಲ. ನೀವು ಬಾಗಿಲು ತೆಗೀರಿ."

ಬಾಗಿಲು ಪುಸ್ ಅಂತ ತೆರೆಯಿತು. ದ್ಯಾವಮ್ಮ ಕಣ್ಣು ಮುಚ್ಚಿದಳು. ಅವಳ ಪಾದಗಳು ನೆಲದ ಮೇಲೆ ಮೆಲ್ಲಗೆ ಅಲ್ಲಾಡಿದವು, ಒಂದು ಕಡೆ ಸ್ವಲ್ಪ ಎತ್ತಿ ಇಟ್ಟಳು, ಅಲ್ಲಿ ಮೆಟ್ಟಿಲಿರಬೇಕು. ನಾವು ಕಾದೆವು. ಆಟದೊಳಗೆ ಹಿಂದೆ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯತೊಡಗಿದವು. ಬಸವರಾಜು ಬಾಗಿಲ ಚೌಕಟ್ಟಿನಿಂದ ಕೈ ಹೊರಗೆ ಹಾಕಿ, ನಿಜವಾದ ಮಳೆಯಲ್ಲಿ, ನಿಲ್ರಿ ನಿಲ್ರಿ ಅಂತ ಸನ್ನೆ ಮಾಡಿದ. ಖಲೀಲ್ ಸಾಹೇಬರು ಕದಲಲಿಲ್ಲ. ಇಂಜಿನ್ನು ಸುಮ್ಮನೆ ಓಡುತ್ತಿತ್ತು, ಅಂಕಿ ನಲವತ್ತಕ್ಕೆ ಇಳಿದಿತ್ತು.

ಸುಮಾರು ಹೊತ್ತಿನ ಮೇಲೆ ದ್ಯಾವಮ್ಮ ಕಣ್ಣು ತೆರೆದಳು. ಉಸಿರು ಹತ್ತಿದ ಹಾಗಿತ್ತು.

"ಪ್ರೇಮ ಕಂಡೇಬಿಟ್ಲು," ಅಂದಳು. "ಕಾಫಿ ಕುಡ್ದು ಹೋಗಿ ಅತ್ತಿಗೆ ಅಂತ ಸೆರಗು ಹಿಡ್ಕೊಂಡ್ಲು. ನಾನು ಬಸ್ಸು ಕಾಯ್ತಿದೆ ಅಂತ ಬಂದ್ಬಿಟ್ಟೆ."

"ಕುಡ್ದೇ ಬರ್ಬೋದಿತ್ತು," ಅಂದರು ಖಲೀಲ್ ಸಾಹೇಬರು. "ನಾನು ನಿಲ್ತಿದ್ದೆ."

ವಾಪಸ್ ಬಂದು ಎಲ್ಲರೂ ಇಳಿದ ಮೇಲೆ ಗುಡಿಸಲು ಬಂದ ಗುಲ್ಷನ್‌ಗೆ ಬೆಂಚಿನ ಕೆಳಗೆ ಉಪ್ಪಿನಕಾಯಿ ಬಾಟಲಿ ಸಿಕ್ಕಿತು. ಬಿಟ್ಟುಹೋಗಿದ್ದೀಯಲ್ಲ ಅಂತ ನಾನು ದ್ಯಾವಮ್ಮನಿಗೆ ಹೇಳಿ ಕಳಿಸಿದೆ. ಎಂತ ಬಿಟ್ಟುಹೋದದ್ದು, ಅದನ್ನು ಪ್ರೇಮನ ಕೈಗೇ ಕೊಟ್ಟು ಬಂದೆ ಅಂತ ಉತ್ತರ ಬಂತು. ಖಲೀಲ್ ಸಾಹೇಬರು ಮಾರನೇ ಬೆಳಿಗ್ಗೆ ರಸ್ತೆಗೆ ಹೋಗಿ, ನಿಜವಾದ ಕಳಸ ಬಸ್ಸಿಗೆ ಕೈ ಅಡ್ಡ ಹಿಡಿದು, ಡ್ರೈವರ ಕೈಗೆ ಬಾಟಲಿ ಕೊಟ್ಟು, ಎರಡು ಕಲ್ಲುಕಂಬದ ಗೇಟು, ದ್ಯಾವಕ್ಕ ಕೊಟ್ಟಿದ್ದು ಅಂತ ಹೇಳು ಅಂದರು. ನಮ್ಮಲ್ಲಿ ಬಸ್ಸಿನವರ ಕೈಲಿ ಕೊಟ್ಟ ಸಾಮಾನು ಎಲ್ಲಿಗೂ ಮುಟ್ಟದೆ ಇರುವುದಿಲ್ಲ.

ವಾರ ಕಳೆದ ಮೇಲೆ ಅದೇ ಬಸ್ಸಿನಲ್ಲಿ ಬಾಟಲಿ ತಿರುಗಿ ಬಂತು. ಬಂದ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿ ಈ ಕಡೆ ಯಾರ ಮನೆಯಲ್ಲೂ ಇಲ್ಲ. ತೊಳೆದು ಒಣಗಿಸಿ, ಕಂಠದವರೆಗೂ ಕಾಫಿಪುಡಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕಳಿಸಿದ್ದಳು ಪ್ರೇಮಲತಾ.

ಮಧ್ಯಾಹ್ನ ಬಸ್ಸು ಹೊರಡುವ ಮೊದಲು ಖಲೀಲ್ ಸಾಹೇಬರು ಅದನ್ನು ದ್ಯಾವಮ್ಮನ ಮಡಿಲಿಗೆ ಇಟ್ಟರು. ಅವಳು ಆಶ್ಚರ್ಯಪಡಲಿಲ್ಲ. ನಾನು ಹೇಳಲಿಲ್ಲವಾ, ಅವತ್ತೇ ಅಷ್ಟು ಬಲವಂತ ಮಾಡಿದಳು ಅಂತ ನಮ್ಮೆಲ್ಲರ ಮುಖ ನೋಡಿದಳು. ಬಟ್ಟೆ ಬಿಚ್ಚಿ ಮೂಸಿದಳು. ಇನ್ನೊಂದು ಸಲ ಮೂಸಿದಳು. ಹುರಿದದ್ದು ಸ್ವಲ್ಪ ಜಾಸ್ತಿ ಆಯ್ತು ಅಂದಳು.

"ಇವತ್ತು ಕಳಸಕ್ಕೆ ಬಸ್ಸಿದೆಯಲ್ಲ ಡ್ರೈವರೇ? ಅವಳಿಗೆ ಹೇಳಿ ಬರ್ತೀನಿ."

"ಇದೆ," ಅಂದರು ಅವರು, ರಸ್ತೆ ನೋಡುತ್ತಾ. "ಕಂಬಳಿ ಒಲೆ ಮೇಲೆ ಹಾಕಿ ಬಂದು ಕೂತ್ಕೊಳ್ಳಿ."